ರಾನಾ ಟೈಗ್ರಿನಾ ಎಲ್ಲಿ ಹೋಯಿತು? ಪ್ರಾಣಿಗಳ ಹೆಸರಿನ ಗ್ರೀಕ್ ತೊಡಕು

ಪಿಯುಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆಲ್ಲ ರಾನಾ ಟೈಗ್ರಿನಾ ಗೊತ್ತು. ಮುಂಗಾರಿನ ಮೊದಲ ಜೋರು ಮಳೆಗೆ ಗದ್ದೆಯಲ್ಲಿ ಗಂಟಲು ಬಿಚ್ಚುವ ಗೋಂಕರು ಕಪ್ಪೆ ಅದು. ಆ ದಿನಗಳಲ್ಲಿ ಗಂಡಿನ ಮೈ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬುತ್ತವೆ. ಅದೇ ಕಪ್ಪೆಯನ್ನು ಈಗಿನ ಪಟ್ಟಿಗಳಲ್ಲಿ ಹುಡುಕಿದರೆ ಸಿಗುವ ಹೆಸರು ಹಾಪ್ಲೊಬ್ಯಾಟ್ರಾಕಸ್ ಟೈಗರಿನಸ್. ಮೊದಲ ಪದ ಪೂರ್ತಿ ಬದಲಾಗಿದೆ, ಎರಡನೆಯದರ ಬಾಲವೂ ಬದಲಾಗಿದೆ. ಯಾಕೆ ಅಂತ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಸರಿಯಾಗಿ ಉತ್ತರಿಸಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ಲೆಕ್ಕಕ್ಕೆ ಬರುವುದು 1758ರಿಂದ, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೇ ಆವೃತ್ತಿಯಿಂದ. ಮುಂದಿನ ನೂರು ವರ್ಷ ಹಡಗುಗಳಲ್ಲಿ ಯುರೋಪಿಗೆ ರಾಶಿ ರಾಶಿ ಮಾದರಿಗಳು ಹೋದವು. ಲ್ಯಾಟಿನ್ ಪದಗಳು ಸಾಲದಾದಾಗ ಗ್ರೀಕ್ ಬೇರುಗಳನ್ನು ಜೋಡಿಸಿ ಹೆಸರು ಕಟ್ಟಿದರು. ಅಲ್ಲಿನ ಓದಿದವರೆಲ್ಲ ಶಾಲೆಯಲ್ಲೇ ಗ್ರೀಕ್ ಕಲಿತವರು, ಅವರಿಗೆ ಇದು ಸಲೀಸು. ಮೆಲಾಸ್ ಅಂದರೆ ಕಪ್ಪು, ಸ್ಟಿಕ್ಟೋಸ್ ಅಂದರೆ ಚುಕ್ಕೆಯುಳ್ಳದ್ದು. ಎರಡೂ ಸೇರಿ ಮೆಲನೊಸ್ಟಿಕ್ಟಸ್, ನಮ್ಮ ಅಂಗಳದ ನೆಲಗಪ್ಪೆ. ಬೆನ್ನ ಮೇಲಿನ ಒಂದೊಂದು ಗಂಟಿನ ತುದಿಯನ್ನೂ ಹತ್ತಿರದಿಂದ ನೋಡಿ, ಕಪ್ಪು ಮೊನೆ ಕಾಣುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಹೆಸರು ಸಿಕ್ಕಾಗ ಖುಷಿಯಾಗುತ್ತದೆ.

ಹೊಂದದ ಹೆಸರುಗಳೂ ಇವೆ. ನ್ಯೂಗಿನಿ ಕಡೆಯ ಸ್ವರ್ಗದ ಹಕ್ಕಿಯ ಚರ್ಮಗಳು ಯುರೋಪಿಗೆ ಬರುವಾಗ ಅವಕ್ಕೆ ಕಾಲೇ ಇರುತ್ತಿರಲಿಲ್ಲ, ವ್ಯಾಪಾರಕ್ಕೆ ಹದ ಮಾಡುವಾಗ ಕತ್ತರಿಸಿರುತ್ತಿದ್ದರು. ಲಿನೇಯಸ್ ಇಟ್ಟ ಹೆಸರು ಪ್ಯಾರಡಿಸಿಯಾ ಅಪೋಡ, ಅಂದರೆ ಕಾಲಿಲ್ಲದ್ದು. ಹಕ್ಕಿಗೆ ಗಟ್ಟಿಮುಟ್ಟಾದ ಕಾಲಿದೆ, ಹೆಸರು ಮಾತ್ರ ಇವತ್ತಿಗೂ ಅದೇ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ನಿಯಮ. ಅರ್ಥ ತಪ್ಪಾಗಿದೆ ಅಂತ ಬದಲಿಸುವ ಹಾಗಿಲ್ಲ. ಇದು ಒಳ್ಳೆಯ ನಿಯಮವೇ. ಒಬ್ಬೊಬ್ಬರು ಒಂದೊಂದು ಸಲ ತಿದ್ದುತ್ತ ಹೋದರೆ ಯಾರಿಗೆ ಯಾವ ಪ್ರಾಣಿ ಅಂತ ತಿಳಿಯುತ್ತದೆ?

ಆದರೆ ಪ್ರಾಣಿಗಳಿಗೆ ಹೆಸರಿಡುವ ಇದೇ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇನ್ನೊಂದು ಕಟ್ಟಳೆ ಇದೆ. ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ನಂಟಿನ ಪ್ರಾಣಿಗಳ ಗುಂಪಿನದು. ಎರಡನೆಯ ಪದ ಲ್ಯಾಟಿನ್ ಗುಣವಾಚಕವಾಗಿದ್ದರೆ ಅದರ ಲಿಂಗ ಮೊದಲ ಪದದ ಲಿಂಗಕ್ಕೆ ಹೊಂದಬೇಕು. ಕನ್ನಡದಲ್ಲಿ ಹುಲಿಯೂ ಬಂತು, ಕಪ್ಪೆಯೂ ಬಂತು. ಗ್ರೀಕ್‌ನಲ್ಲಿ ಹಾಗಲ್ಲ, ಅಲ್ಲಿ ಬಾಯಿಗೊಂದು ಲಿಂಗ, ಕಪ್ಪೆಗೊಂದು ಲಿಂಗ. ಬಾಯಿ ಎಂಬ ಸ್ಟೋಮಾ ನಪುಂಸಕ. ಅದಕ್ಕೇ ಲ್ಯಾಟಿನ್ ಬಾಲ ಹಚ್ಚಿ ಸ್ಟೋಮಸ್ ಮಾಡಿದರೆ ಪುಲ್ಲಿಂಗ. ನಮ್ಮ ತೋಟಗಳಲ್ಲಿ ಕಾಣುವ ಒಂದು ಪುಟಾಣಿ ಕಪ್ಪೆಗೆ 1841ರಲ್ಲಿ ಎಂಜಿಸ್ಟೋಮಾ ಆರ್ನೇಟಮ್ ಅಂತ ಹೆಸರಿಟ್ಟರು. ಆಮೇಲೆ ಅದು ಸ್ತ್ರೀಲಿಂಗದ ಮೈಕ್ರೊಹೈಲಾ ಕುಲಕ್ಕೆ ಹೋಯಿತು, ಆರ್ನೇಟಮ್ ಆರ್ನೇಟಾ ಆಯಿತು.

ಗೋಂಕರು ಕಪ್ಪೆಯದು ಇದಕ್ಕಿಂತ ಉದ್ದದ ಕತೆ. 1800ರ ಆಸುಪಾಸಿನಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೊದಾಂ ಬರೆದದ್ದು ರಾನಾ ಟೈಗರಿನಾ. ನಂತರ ಬಂದವರು ಲ್ಯಾಟಿನ್‌ಗೆ ಒಪ್ಪುವಂತೆ ಟೈಗ್ರಿನಾ ಅಂತ ತಿದ್ದಿದರು. ನಮ್ಮ ಪಠ್ಯಪುಸ್ತಕಗಳಿಗೆ ಬಂದದ್ದು ಈ ತಿದ್ದಿದ ರೂಪ. ಇಪ್ಪತ್ತನೇ ಶತಮಾನದ ಕೊನೆಗೆ ಎರಡು ಕೆಲಸ ಆದವು. ದೊದಾಂನ ಮೂಲ ಕಾಗುಣಿತವೇ ಸರಿ ಅಂತಾಯಿತು. ಜಗತ್ತಿನ ಎಷ್ಟೋ ಕಪ್ಪೆಗಳನ್ನು ತುಂಬಿಸಿದ್ದ ರಾನಾ ಎಂಬ ದೊಡ್ಡ ಕುಲವನ್ನು ಒಡೆದರು. ಈ ಕಪ್ಪೆ ಹೋಗಿ ಸೇರಿದ್ದು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪೀಟರ್ಸ್ 1863ರಲ್ಲೇ ಹೆಸರಿಟ್ಟಿದ್ದ ಹಾಪ್ಲೊಬ್ಯಾಟ್ರಾಕಸ್ ಕುಲಕ್ಕೆ. ಹಾಪ್ಲೊನ್ ಅಂದರೆ ಆಯುಧ, ಬ್ಯಾಟ್ರಾಕೋಸ್ ಅಂದರೆ ಕಪ್ಪೆ. ಬ್ಯಾಟ್ರಾಕೋಸ್ ಪುಲ್ಲಿಂಗ, ಹಾಗಾಗಿ ಟೈಗರಿನಾ ಹೋಗಿ ಟೈಗರಿನಸ್ ಬಂತು.

ಕುಲ ಒಡೆದದ್ದಕ್ಕೆ ಕಾರಣವಿದೆ. ಕಪ್ಪೆಗಳ ನಂಟು ಚೆನ್ನಾಗಿ ತಿಳಿದಂತೆ ಗುಂಪು ಬದಲಾಗಲೇಬೇಕು. ಬಾಲ ಬದಲಾದಾಗ ಕಪ್ಪೆಯ ಬಗ್ಗೆ ಹೊಸದೇನು ತಿಳಿಯಿತು? ಏನೂ ಇಲ್ಲ. ಹಕ್ಕಿಗಳಲ್ಲೂ ಹೀಗೇ. ಹಳೆಯ ಪುಸ್ತಕಗಳಲ್ಲಿ ಹಸಿರು ಪಾರಿವಾಳ ಟ್ರೆರಾನ್ ಫೀನಿಕಾಪ್ಟೆರಾ, ಈಗ ಫೀನಿಕಾಪ್ಟೆರಸ್. ಚಿಟ್ಟೆ ತಜ್ಞರಲ್ಲಿ ಬಹಳ ಜನ ಈ ಕಟ್ಟಳೆಯನ್ನು ಪಕ್ಕಕ್ಕಿಟ್ಟು, ಮೊದಲು ಬರೆದ ರೂಪವನ್ನೇ ಬಳಸುತ್ತಾರೆ. ನಿಯಮಾವಳಿಯ ನಾಲ್ಕನೇ ಆವೃತ್ತಿ ತಯಾರಾಗುವಾಗಲೂ ಲಿಂಗದ ಕಟ್ಟಳೆ ಕೈಬಿಡುವ ಮಾತು ಬಂದಿತ್ತು. ವಿರೋಧ ಜಾಸ್ತಿಯಾಯಿತು. 1999ರಲ್ಲಿ ಅದು ಅಚ್ಚಾದಾಗ ಕಟ್ಟಳೆ ಹಾಗೇ ಉಳಿದಿತ್ತು. ಪರಂಪರೆ ಬಿಡಬಾರದು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಈಗ ಹೆಸರಿಡುವವರಲ್ಲಿ ಗ್ರೀಕ್ ಬಲ್ಲವರು ಎಷ್ಟು ಜನ?

ಹೆಸರು ಬದಲಾದರೆ ಕಡತಗಳಲ್ಲಿ ಹಳೆಯದು ಉಳಿದುಬಿಡುತ್ತದೆ ಎಂಬುದು ಇನ್ನೊಂದು ತಲೆನೋವು. ಕಪ್ಪೆಕಾಲಿನ ರಫ್ತಿಗೆ ಭಾರತ 1987ರಲ್ಲಿ ತಡೆ ಹಾಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕಪ್ಪೆಗಳನ್ನು ಸೇರಿಸಿದ್ದು ರಾನಾ ಎಂಬ ಹೆಸರಿನಲ್ಲಿ. ವಿಜ್ಞಾನಿಗಳು ಗೋಂಕರು ಕಪ್ಪೆಯನ್ನು ರಾನಾದಿಂದ ಹೊರಗಿಟ್ಟು ಎಷ್ಟೋ ವರ್ಷವಾದರೂ ಪಟ್ಟಿಯಲ್ಲಿ ಅದೇ ಪದ ಇತ್ತು. ಕಾಯ್ದೆಯ ಪಟ್ಟಿಗಳನ್ನು ಹೊಸದಾಗಿ ಬರೆದದ್ದು 2022ರ ತಿದ್ದುಪಡಿಯಲ್ಲಿ.

ಪಶ್ಚಿಮ ಘಟ್ಟದ ಹೊಸ ಹೆಸರುಗಳು ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಇಡುಕ್ಕಿಯ ನೆಲದೊಳಗಿನ ಕಪ್ಪೆಗೆ 2003ರಲ್ಲಿ ನಾಸಿಕಾಬ್ಯಾಟ್ರಾಕಸ್ ಅಂತ ಹೆಸರಾಯಿತು, ಅರ್ಧ ಸಂಸ್ಕೃತ, ಅರ್ಧ ಗ್ರೀಕ್. ಉತ್ತರ ಕನ್ನಡದ ಹಳ್ಳಗಳ ಇರುಳುಗಪ್ಪೆಯೊಂದು 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಆಯಿತು. ಇದರ ಗಂಡು ಮುಂಗಾಲಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ನಿಕ್ಟಿಬ್ಯಾಟ್ರಾಕಸ್ ಪುಲ್ಲಿಂಗ. ಆದರೆ ಕುಂಬಾರ ಲ್ಯಾಟಿನ್ ಗುಣವಾಚಕ ಅಲ್ಲವಲ್ಲ, ಕಟ್ಟಳೆ ಅದನ್ನು ಮುಟ್ಟುವುದಿಲ್ಲ. ನಾಳೆ ಈ ಕಪ್ಪೆ ಬೇರೆ ಯಾವ ಕುಲಕ್ಕೆ ಹೋದರೂ ಕುಂಬಾರ ಕುಂಬಾರವೇ.

ಗೋಂಕರು ಕಪ್ಪೆಯ ಹಳೆಯ ವರದಿಗಳನ್ನು ಹುಡುಕುವವರು ಸದ್ಯಕ್ಕೆ ಟೈಗ್ರಿನಾ, ಟೈಗರಿನಾ, ಟೈಗರಿನಸ್ ಮೂರನ್ನೂ ಬೇರೆಬೇರೆಯಾಗಿ ಹಾಕಿ ನೋಡಬೇಕು. ಒಂದನ್ನೇ ಹಾಕಿದರೆ ಎಷ್ಟೋ ದಶಕಗಳ ಕೆಲಸ ಕೈತಪ್ಪಿ ಹೋಗುತ್ತದೆ.