ಮುತ್ತತ್ತಿಯ ಬಿಳಿ ಮೀನಿಗೆ ಮರಿ ಎಲ್ಲಿ?

ಮಂಡ್ಯ ಜಿಲ್ಲೆಯ ಮುತ್ತತ್ತಿ ಸುತ್ತಿನ ಕಾವೇರಿ ಮಡುಗಳಲ್ಲಿ ಬಿಳಿ ಮೀನು, ಅಂದರೆ ಮಹಶೀರ್, ಎಂದ ಕೂಡಲೇ ಮಾತು ತಿರುಗುವುದು ತೂಕದ ಕಡೆಗೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಸುಮಾರು 54 ಕಿಲೋ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಗಾಳಗಾರರು ಬಂದು ಹೋದ ಮೇಲೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಕ್ಯಾಂಪುಗಳಾದವು. ರಾಗಿ ಉಂಡೆ ಸಿಕ್ಕಿಸಿ ಹಿಡಿಯುವುದು, ತೂಗುವುದು, ಫೋಟೋ ತೆಗೆದು ಹೊಳೆಗೇ ಬಿಡುವುದು. ನಮ್ಮ ಹಿಟ್ಟು ಮೀನಿಗೂ ರುಚಿಸಿತ್ತು!

ಅದೇ ಕಾಲದಲ್ಲಿ ಲೋನಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. ಎಣಿಕೆ ಹೆಚ್ಚಲಿ ಎಂಬುದೇ ಉದ್ದೇಶ. ಮರಿಗಳೇನೋ ಹೆಚ್ಚಿದವು, ಆದರೆ ಯಾವ ಮೀನಿನವು?

ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಸಿಕ್ಕ ಮೀನುಗಳ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ವಿರಳವಾಗುತ್ತಿತ್ತು, ಸಿಕ್ಕವು ಮಾತ್ರ ದೊಡ್ಡವು. ಹಳೆಯ ತಲೆಮಾರು ದಪ್ಪಗಾಗುತ್ತಾ ಹೋಯಿತು, ಹಿಂದೆ ಮರಿಗಳಿರಲಿಲ್ಲ. ದೊಡ್ಡ ಮೀನಿನ ಫೋಟೋ ನೋಡಿ ಹೊಳೆ ಚೆನ್ನಾಗಿದೆ ಎಂದು ನಂಬಿದ್ದೇ ಇಲ್ಲಿ ಎಡವಟ್ಟಾದದ್ದು ಎಂದು ನನಗನ್ನಿಸುತ್ತದೆ.

ಮರಿಗಳು ಬದುಕುಳಿಯುವಷ್ಟು ಪುಷ್ಟಿಯಾಗಿವೆಯೇ ಎಂದು ಮೈಕಟ್ಟು ಅಳೆದು ನೋಡುವ ವಿದ್ಯೆ ಹೊಸದಲ್ಲ. ತೂಕವನ್ನು ಉದ್ದದ ಘನದಿಂದ ಭಾಗಿಸುವ ಫುಲ್ಟನ್ ಸೂಚ್ಯಂಕಕ್ಕೆ ನೂರು ವರ್ಷ ದಾಟಿದೆ. ತಣ್ಣೀರಿನ ಮೀನಾದ ಟ್ರೌಟ್ ಇರುವ ಚಳಿದೇಶಗಳಲ್ಲಿ ಚಳಿಗಾಲದ ಹಿಂದೆ ಮುಂದೆ ಮರಿಗಳನ್ನು ಹೀಗೆ ತೂಗಿ ನೋಡುತ್ತಾರೆ. ನೀರು ತಣ್ಣಗಾದರೆ ಟ್ರೌಟ್ ಮರಿಯ ಜೀರ್ಣಶಕ್ತಿ ಕುಗ್ಗುತ್ತದೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿ ರಾತ್ರಿ ಮೇಯುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಸರೆ. ಮರಿ ಚಿಕ್ಕದಾದಷ್ಟೂ ಕೊಬ್ಬು ಕಮ್ಮಿ, ತೂಕದ ಲೆಕ್ಕದಲ್ಲಿ ಖರ್ಚು ಹೆಚ್ಚು. ಅದಕ್ಕೇ ಮೊದಲ ಚಳಿಗಾಲ ಗಂಡಾಂತರದ್ದು.

ಕಾವೇರಿಯಲ್ಲಿ ಅಂಥ ಚಳಿಯಿಲ್ಲ. ಇಲ್ಲಿ ಇಕ್ಕಟ್ಟಿನ ಕಾಲ ಮಳೆ ನಿಂತ ಮೇಲಿನದು. ಹರಿವು ಇಳಿಯುತ್ತದೆ, ಮರಿಗಳು ಹುಳ, ಪಾಚಿ ಹುಡುಕುವ ಅಂಚಿನ ಕಲ್ಲುಗಳು ಒಣಗುತ್ತವೆ. ನೀರು ಬೆಚ್ಚಗಾದಂತೆ ಹಸಿವೂ ಏರುತ್ತದೆ. ಅಣೆಕಟ್ಟಿನ ಗೇಟಿಗೆ ತಕ್ಕಂತೆ ಹೊಳೆ ಏರಿಳಿಯುವ ಕಡೆ ಈ ಲೆಕ್ಕ ಇನ್ನೂ ಬಿಗಿ. ಉಳಿದ ಮೇವಿನಲ್ಲೇ ನೀಲಿ ರೆಕ್ಕೆಯ ಮರಿಗಳಿಗೂ ಪಾಲು.

ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಗುರುತು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಈ ಕ್ಯಾಂಪುಗಳಿದ್ದ ಕಾವೇರಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು, ಅದರೊಂದಿಗೆ ವರ್ಷವರ್ಷ ಸಿಕ್ಕ ಮೀನುಗಳ ಲೆಕ್ಕವೂ ನಿಂತಿತ್ತು.