ಎರಡು ಸೌಟಿನ ದೋಸೆ ಮತ್ತು ಪೈ ಚಾರ್ಟ್

ಹಿಂದೆ ನಾನಿದ್ದ ಕಂಪನಿಯಲ್ಲಿ ಮೂರು ತಿಂಗಳಿಗೊಮ್ಮೆ ಸೇಲ್ಸ್ ಮೀಟಿಂಗ್ ನಡೆಯುತ್ತಿತ್ತು. ಒಂದು ಸಲ ಪರದೆಯ ಮೇಲೆ ಏಳು ಊರುಗಳ ಮಾರಾಟವನ್ನು ಏಳು ಬಣ್ಣದ ಹೋಳುಗಳಾಗಿ ತೋರಿಸುವ ದುಂಡನೆಯ ಪೈ ಚಾರ್ಟ್ ಬಂತು. ಅದೂ ತ್ರೀ-ಡಿ, ತಟ್ಟೆಯಲ್ಲಿಟ್ಟ ಕೇಕಿನ ಹಾಗೆ. "ದಾವಣಗೆರೆ ಜಾಸ್ತಿನೋ, ಬೆಳಗಾವಿ ಜಾಸ್ತಿನೋ?" ಅಂತ ಸಾಹೇಬರು ಕೇಳಿದರು. ಅಷ್ಟೂ ಜನ ಕತ್ತು ಓರೆ ಮಾಡಿ ನೋಡಿ "ದಾವಣಗೆರೆ" ಅಂದೆವು. ಆಮೇಲೆ ನೋಡಿದರೆ ಹೋಳಿನ ಪಕ್ಕ ಸಣ್ಣಕ್ಷರದಲ್ಲಿ ಬೆಳಗಾವಿ 23, ದಾವಣಗೆರೆ 21 ಅಂತಿತ್ತು. ಕೊನೆಗೂ ಅಂಕಿ ಓದಿಯೇ ತಿಳಿಯಬೇಕಾದರೆ ಆ ಕೇಕು ಯಾಕೆ ಬೇಕಿತ್ತು?

ನಾವು ಮೋಸ ಹೋಗಿದ್ದಕ್ಕೆ ಕಾರಣವಿದೆ. ದಾವಣಗೆರೆಯ ಹೋಳು ಮುಂದುಗಡೆ ಇತ್ತು, ಹಾಗಾಗಿ ಕೇಕಿನ ದಪ್ಪವೂ ಅದರ ಲೆಕ್ಕಕ್ಕೇ ಸೇರಿ ಕಂಡಿತು. ಸೆಲ್ಫಿಯಲ್ಲಿ ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಬರುವುದಿಲ್ಲವೇ, ಹಾಗೆ. ಆದರೆ ದಪ್ಪ ತೆಗೆದು ಚಪ್ಪಟೆ ಮಾಡಿದ್ದರೂ 21 ಮತ್ತು 23ನ್ನು ಬೇರ್ಪಡಿಸುವುದು ಕಷ್ಟವೇ ಇರುತ್ತಿತ್ತು. ನಮ್ಮ ಕಣ್ಣು ಉದ್ದ ಅಳೆಯುವುದರಲ್ಲಿ ಗಟ್ಟಿ. ಕೋನ, ವಿಸ್ತೀರ್ಣ ಅಂದರೆ ತಡವರಿಸುತ್ತದೆ.

ಅನುಮಾನವಿದ್ದರೆ ಕಾವಲಿ ಹತ್ತಿರ ನಿಲ್ಲಿ. ಒಂದು ಸೌಟು ಹಿಟ್ಟಿಗೆ 20 ಸೆಂ.ಮೀ. ಅಗಲದ ದೋಸೆ ಆಗುತ್ತದೆ ಅನ್ನಿ. ಅಷ್ಟೇ ತೆಳುವಾಗಿ ಎರಡು ಸೌಟು ಹಾಕಿದರೆ ಅಗಲ 40 ಆಗುವುದಿಲ್ಲ, 28ಕ್ಕೆ ನಿಲ್ಲುತ್ತದೆ. ತಿನ್ನುವವನಿಗೆ ಅದು "ಸ್ವಲ್ಪ ದೊಡ್ಡ ದೋಸೆ" ಅಷ್ಟೇ, ಹೊಟ್ಟೆಗೆ ಹೋಗುವುದು ಮಾತ್ರ ಎರಡರಷ್ಟು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1957ರಲ್ಲಿ ಇದಕ್ಕೊಂದು ಸೂತ್ರವನ್ನೇ ಕೊಟ್ಟ. ಗೆರೆ ಇಮ್ಮಡಿಯಾದರೆ ಕಣ್ಣಿಗೂ ಹೆಚ್ಚುಕಡಿಮೆ ಇಮ್ಮಡಿಯೇ. ವಿಸ್ತೀರ್ಣ ಇಮ್ಮಡಿಯಾದರೆ ಅನಿಸುವುದು ಸುಮಾರು 1.6 ಪಟ್ಟು. ಅಂದರೆ ವ್ಯಾಪಾರದ ಅಂಕಿಗಳನ್ನು ಸಣ್ಣ ದೊಡ್ಡ ಗುಳ್ಳೆಗಳಾಗಿ ತೋರಿಸುವ ಪ್ರತಿ ಡ್ಯಾಶ್‌ಬೋರ್ಡೂ (ಲೆಕ್ಕಗಳನ್ನೆಲ್ಲ ಒಟ್ಟಿಗೆ ಚಿತ್ರವಾಗಿ ತೋರಿಸುವ ಕಂಪ್ಯೂಟರ್ ಪರದೆ) ಆಗಿರುವ ಬೆಳವಣಿಗೆಯನ್ನು ಕುಗ್ಗಿಸಿಯೇ ತೋರಿಸುತ್ತದೆ!

1984ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನ ಸಂಶೋಧಕರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಈ ಕಣ್ಣಳತೆಗೇ ಪರೀಕ್ಷೆ ಇಟ್ಟರು. ಒಂದೇ ಗೆರೆಯ ಮೇಲೆ ನಿಂತ ಕಂಬಗಳನ್ನು ಹೋಲಿಸುವಾಗ ಆಗುವ ತಪ್ಪಿಗಿಂತ ಕೋನಗಳನ್ನು ಹೋಲಿಸುವಾಗ ಆಗುವ ತಪ್ಪು ಸುಮಾರು ಎರಡು ಪಟ್ಟು ಬಂತು.

ಗುಟ್ಟಿರುವುದು ಆ "ಒಂದೇ ಗೆರೆ"ಯಲ್ಲಿ. ಪಾನಕ ಹಂಚುವಾಗ ಮಕ್ಕಳನ್ನು ನೋಡಿ. ಲೋಟಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟು, ತಾವೂ ಬಗ್ಗಿ, ಕಣ್ಣನ್ನು ಪಾನಕದ ಮಟ್ಟಕ್ಕೆ ತಂದು ಜಗಳ ತೆಗೆಯುತ್ತವೆ. ಕೈಯಲ್ಲಿ ಹಿಡಿದ ಲೋಟಗಳನ್ನು ಅವು ನಂಬುವುದಿಲ್ಲ. ಶಾಲೆಯಲ್ಲಿ ಪಿಟಿ ಮೇಷ್ಟ್ರು ಎತ್ತರದ ಪ್ರಕಾರ ಸಾಲು ಮಾಡುವಾಗಲೂ ಎಲ್ಲರೂ ಮೈದಾನದಲ್ಲೇ ನಿಲ್ಲಬೇಕು. ಒಬ್ಬ ಮೆಟ್ಟಿಲ ಮೇಲೆ, ಇನ್ನೊಬ್ಬ ಕಲ್ಲಿನ ಮೇಲೆ ನಿಂತರೆ ಯಾರು ಎತ್ತರ ಅಂತ ಹೇಳಲಾಗದು. ಒಂದರ ಮೇಲೊಂದು ಬಣ್ಣ ಪೇರಿಸಿದ ಕಂಬಗಳ ಅವಸ್ಥೆ ಅದೇ: ಕೆಳಗಿನ ಬಣ್ಣ ಮಾತ್ರ ನೆಲದ ಮೇಲಿದೆ, ಮಿಕ್ಕವೆಲ್ಲ ಬೇರೆ ಬೇರೆ ಮೆಟ್ಟಿಲ ಮೇಲೆ.

ಇದಕ್ಕಿಂತ ದೊಡ್ಡ ಕಳ್ಳಾಟ ಇನ್ನೊಂದಿದೆ. ಕಾಂಪೌಂಡ್ ಗೋಡೆಯ ಆಚೆ ಇಬ್ಬರು ನಿಂತಿದ್ದಾರೆ, ಒಬ್ಬನ ತಲೆ ಒಂದು ಗೇಣು ಕಾಣುತ್ತದೆ, ಇನ್ನೊಬ್ಬನದು ಮೂರು ಗೇಣು. ಎರಡನೆಯವನು ಮೂರು ಪಟ್ಟು ಎತ್ತರ ಅಂತ ಯಾರಾದರೂ ಹೇಳುತ್ತಾರೆಯೇ? ಮಾರಾಟ 96 ಲಕ್ಷದಿಂದ 98 ಲಕ್ಷಕ್ಕೆ ಏರಿದ್ದನ್ನು 95ರಿಂದ ಶುರುವಾಗುವ ಕಂಬಗಳಲ್ಲಿ ತೋರಿಸಿದರೆ ನಾವು ಅದನ್ನೇ ಹೇಳಿಬಿಡುತ್ತೇವೆ. ಏರಿದ್ದು ನೂರಕ್ಕೆ ಎರಡು, ಕಂಡಿದ್ದು ಮೂರು ಪಟ್ಟು. ಕಂಬವಿದ್ದರೆ ಸೊನ್ನೆಯಿಂದಲೇ ಶುರುವಾಗಬೇಕು. ಗೆರೆ ಚಾರ್ಟಿಗೆ ಈ ಕಟ್ಟು ಇಲ್ಲ, ಅಲ್ಲಿ ಕಣ್ಣು ಓದುವುದು ಏರಿಳಿತವನ್ನು. ಜ್ವರ ನೋಡುವ ಥರ್ಮಾಮೀಟರ್ ಏನು ಸೊನ್ನೆಯಿಂದ ಶುರುವಾಗುತ್ತದೆಯೇ?

ತಮಾಷೆ ಅಂದರೆ, ಕಂಬವನ್ನೂ ಪೈಯನ್ನೂ ನಮಗೆ ಕೊಟ್ಟವನು ಒಬ್ಬನೇ: ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ನಕ್ಷೆ ಬರೆಯುತ್ತಿದ್ದವನು, ಆಮೇಲೆ ಸಾಲ ತೀರಿಸಲಾಗದೆ ಜೈಲು ಕಂಡವನು. 1786ರಲ್ಲಿ ಅವನು ತಂದ ಪುಸ್ತಕದ ತುಂಬ ವರ್ಷ ವರ್ಷದ ಆಮದು-ರಫ್ತಿನ ಗೆರೆಗಳು. ಸ್ಕಾಟ್ಲೆಂಡಿಗೆ ಮಾತ್ರ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಗೆರೆ ಎಳೆಯಲು ಬರುವಂತಿರಲಿಲ್ಲ, ಹಾಗಾಗಿ ಕಂಬ ಹಾಕಿದ. ಕಾಲದ ಲೆಕ್ಕ ಇಲ್ಲದ ಈ ಚಿತ್ರ ಉಳಿದವಕ್ಕಿಂತ ಕೆಳಮಟ್ಟದ್ದು ಅಂತ ಅದರ ಪಕ್ಕದಲ್ಲೇ ಒಪ್ಪಿಕೊಂಡ! 1801ರ ಪೈ ಚಾರ್ಟಿನಲ್ಲಿ ಅವನು ತುರ್ಕಿ ಸಾಮ್ರಾಜ್ಯದ ನೆಲವನ್ನು ಏಷ್ಯಾ, ಯುರೋಪ್, ಆಫ್ರಿಕಾ ಅಂತ ಮೂರೇ ಹೋಳು ಮಾಡಿದ್ದ. ಮೂರಕ್ಕೆ ನನ್ನ ತಕರಾರಿಲ್ಲ. ಅರ್ಧ, ಕಾಲು ಯಾರಿಗೂ ಗೊತ್ತಾಗುತ್ತದೆ. ಏಳಕ್ಕೆ ಹೋದಾಗ ಪೈ ಕೈಕೊಡುತ್ತದೆ.

ಡ್ಯಾಶ್‌ಬೋರ್ಡ್ ಅನ್ನುವ ಮಾತಿಗೂ ಹಳೇ ಕಥೆಯಿದೆ. ಕುದುರೆಯ ಗೊರಸಿನಿಂದ ಹಾರುವ ಕೆಸರು ಸಾರೋಟಿನವನ ಮೈಗೆ ಸಿಡಿಯದಂತೆ ಮುಂದೆ ಕಟ್ಟುತ್ತಿದ್ದ ಹಲಗೆ ಅದು. ಆ ಹೆಸರು ಕಾರಿಗೆ ಬಂತು, ಅಲ್ಲಿಂದ ಕಂಪ್ಯೂಟರ್ ಪರದೆಗೆ. ಬರುವಾಗ ಸ್ಪೀಡೋಮೀಟರನ್ನೂ ಹೊತ್ತು ತಂದದ್ದೇ ಎಡವಟ್ಟಾಯಿತು. ಚಾಲಕನಿಗೆ ಬೇಕಾದ್ದು ಈ ಕ್ಷಣದ ವೇಗ, ಅವನಿಗೆ ಮುಳ್ಳು ಸಾಕು. ವ್ಯಾಪಾರಿಗೆ ಹೋದ ತಿಂಗಳು ಎಷ್ಟಿತ್ತು, ಹೋದ ವರ್ಷ ಈ ಹೊತ್ತಿಗೆ ಎಷ್ಟಿತ್ತು ಅನ್ನುವುದು ಗೊತ್ತಾಗಬೇಕು. ಅರ್ಧ ಪರದೆ ನುಂಗುವ ಆ ಮುಳ್ಳು ಅದನ್ನು ಹೇಳುವುದೇ ಇಲ್ಲ.

ಮುಂದಿನ ಮೀಟಿಂಗಿಗೆ ನಾನೇ ಕೂತು ಏಳು ಊರುಗಳನ್ನು ಅಡ್ಡಪಟ್ಟಿಗಳಾಗಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಎಲ್ಲವೂ ಬೂದು, ಗುರಿ ತಪ್ಪಿದ ಒಂದೇ ಊರು ಕೆಂಪು. ಪರದೆಗೆ ಬಂದ ಕೂಡಲೇ ಸಾಹೇಬರು "ಹಾಸನಕ್ಕೆ ಏನಾಗಿದೆ?" ಅಂದರು. ಅರ್ಧ ಗಂಟೆ ಹಾಸನದ್ದೇ ಮಾತಾಯಿತು. ಏಳುವಾಗ ನನ್ನ ಕಡೆ ತಿರುಗಿ, "ಚೆನ್ನಾಗಿದೆ, ಆದ್ರೂ ಸ್ವಲ್ಪ ಕಲರ್ ಹಾಕ್ರಿ" ಅಂದರು.