ಗಂಡೋ ಹೆಣ್ಣೋ? ಮರಳಿನ ಬಿಸಿಯನ್ನೇ ಕೇಳಬೇಕು

ಬೆಳಗಿನ ಎಳೆಬಿಸಿಲಿಗೆ ಕಾಂಪೌಂಡ್ ಗೋಡೆಯ ಮೇಲೆ ಓತಿಕ್ಯಾತವೊಂದು ಮೈ ಚಾಚಿ ಕೂತಿರುತ್ತದೆ. ಹತ್ತಿರ ಹೋದರೂ ಥಟ್ಟನೆ ಓಡುವುದಿಲ್ಲ. ಮೈ ಇನ್ನೂ ಕಾದಿಲ್ಲ, ಕಾಲಿಗೆ ಕಸುವು ಬಂದಿಲ್ಲ. ನಮಗೆ ಉಂಡ ಅನ್ನ, ರೊಟ್ಟಿಯಿಂದಲೇ ಮೈಬಿಸಿ ಸಿಗುತ್ತದೆ. ಹಾವು, ಹಲ್ಲಿ, ಆಮೆ, ಮೊಸಳೆಗಳು ಅದನ್ನು ಬಿಸಿಲಿನಿಂದ, ಕಾದ ಕಲ್ಲಿನಿಂದ ಪಡೆಯಬೇಕು. ಶೀತರಕ್ತದ ಪ್ರಾಣಿಗಳು ಎಂದು ಕರೆದರೂ ಅವುಗಳ ರಕ್ತ ಸದಾ ತಣ್ಣಗೇನೂ ಇರುವುದಿಲ್ಲ. ಸುತ್ತಲಿನ ಬಿಸಿ ಏರಿದಂತೆ ಅದೂ ಏರುತ್ತದೆ.

ಇವುಗಳಲ್ಲಿ ಎಷ್ಟೋ ಪ್ರಾಣಿಗಳ ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಅನ್ನುವುದೂ ಮೊಟ್ಟೆಗೆ ಸಿಕ್ಕ ಶಾಖದಿಂದಲೇ ತೀರ್ಮಾನವಾಗುತ್ತದೆ. ಇದನ್ನು ಮೊದಲು ಕಂಡದ್ದು ಸೆನೆಗಲ್ ದೇಶದ ಡಕಾರ್‌ನಲ್ಲಿ. ಮ್ಯಾಡ್ಲೀನ್ ಶಾರ್ನಿಯೆ ಎಂಬ ಸಂಶೋಧಕಿ ಅಗಾಮಾ ಹಲ್ಲಿಯ ಮೊಟ್ಟೆಗಳನ್ನು ಬೇರೆ ಬೇರೆ ಶಾಖದಲ್ಲಿ ಇಟ್ಟು ನೋಡಿದರು. 26-27 ಡಿಗ್ರಿಯಲ್ಲಿ ಬಹುತೇಕ ಹೆಣ್ಣು. 29ರಲ್ಲಿ ಗಂಡು. 1966ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟವಾದ ಆ ಪುಟ್ಟ ವರದಿಯನ್ನು ಆಗ ಗಮನಿಸಿದವರು ಕಡಿಮೆ.

ಅಗಾಮಾ ನಮ್ಮ ಓತಿಕ್ಯಾತದ ಕುಟುಂಬದ್ದೇ. ಓತಿಕ್ಯಾತದ ಮೊಟ್ಟೆಗಳ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇಂಥ ಕೆಲಸ ನಡೆದಿದೆ. ಶಾಖ ಏರುತ್ತಾ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ಅಪರೂಪದ ಕ್ರಮ ಅಲ್ಲಿ ಕಂಡಿತು.

ಕಡಲಾಮೆಗಳ ಕತೆ ಮಾತ್ರ ಸಂಕಟದ್ದು. 1970ರ ದಶಕದಲ್ಲಿ ನಾಯಿ, ನರಿ, ಕಳ್ಳರಿಂದ ಮೊಟ್ಟೆ ಉಳಿಸಲು ಹಲವು ದೇಶಗಳಲ್ಲಿ ಅವನ್ನು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಇಟ್ಟು ಮರಿ ಮಾಡಿಸುತ್ತಿದ್ದರು. ಒಳ್ಳೆಯ ಮನಸ್ಸಿನ ಕೆಲಸ. ಆದರೆ ಪೆಟ್ಟಿಗೆಯ ಒಳಗೆ ಕಡಲಂಚಿನ ಮರಳಿಗಿಂತ ಕೊಂಚ ತಂಪು. ಕಡಲಾಮೆಗಳಲ್ಲಿ ಲೆಕ್ಕ ಅಗಾಮಾದ ತಿರುವುಮುರುವು. ತಂಪಿಗೆ ಗಂಡು, ಬಿಸಿಗೆ ಹೆಣ್ಣು. ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಸಮ. ಹೀಗೆ ಇಟ್ಟರೆ ಗಂಡುಗಳೇ ಜಾಸ್ತಿಯಾಗಬಹುದು ಎಂದು ಮ್ರೊಸೊವ್ಸ್ಕಿ ಮತ್ತು ಯಂಟೆಮಾ ಎಂಬ ಸಂಶೋಧಕರು 1980ರಲ್ಲಿ ಎಚ್ಚರಿಸಿದರು. ಅಲ್ಲಿವರೆಗೆ ಯಾರಿಗೂ ಯಾಕೆ ತಿಳಿಯಲಿಲ್ಲ? ಆಗ ತಾನೇ ಹುಟ್ಟಿದ ಮರಿಯನ್ನು ಅಂಗೈ ಮೇಲಿಟ್ಟು ಎಷ್ಟು ತಿರುಗಿಸಿ ನೋಡಿದರೂ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಉಳಿಸಬೇಕೆಂದು ಹಗಲಿರುಳು ದುಡಿದವರಿಗೆ ಈ ಸುದ್ದಿ ಎಷ್ಟು ನೋವು ಕೊಟ್ಟಿರಬೇಕು ಅಲ್ವಾ?

ಈಗ ಚಿಂತೆ ಇನ್ನೊಂದು ಕಡೆಯಿಂದ ಬಂದಿದೆ. ಮರಳೇ ಬಿಸಿಯೇರುತ್ತಿದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹಸಿರು ಕಡಲಾಮೆಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನ ಓದಿದಾಗ ನನಗೆ ದಿಗಿಲಾಯಿತು. ಉತ್ತರ ಭಾಗದ ಬಿಸಿ ದಂಡೆಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣು. ಬೆಳೆದ ಆಮೆಗಳಲ್ಲಿ ಶೇ 87ರಷ್ಟು. ಅಂದರೆ ಈ ಓಲಾಟ ನಿನ್ನೆ ಮೊನ್ನೆಯದಲ್ಲ. ತಂಪಾದ ದಕ್ಷಿಣ ದಂಡೆಗಳಲ್ಲಿ ಹೆಣ್ಣಿನ ಪಾಲು ಶೇ 65ರಿಂದ 69.

ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಹಾಗಾಗಿ ಹೆಣ್ಣು ಜಾಸ್ತಿಯಾದ ಮಾತ್ರಕ್ಕೆ ಕೂಡಲೇ ಸಂತತಿ ಕುಸಿಯುವುದಿಲ್ಲ. ಆದರೆ ಬಿಸಿ ಇನ್ನೂ ಏರಿದರೆ ಮರಿಗಳು ಮೊಟ್ಟೆಯೊಳಗೇ ಸಾಯುತ್ತವೆ. ಹಸಿರು ಕಡಲಾಮೆ ಪ್ರಾಯಕ್ಕೆ ಬರಲು ಇಪ್ಪತ್ತು ಮೂವತ್ತು ವರ್ಷವೇ ಬೇಕು. ಇಷ್ಟು ನಿಧಾನಕ್ಕೆ ತಲೆಮಾರು ಬದಲಾಗುವ ಪ್ರಾಣಿ ಬೇಗ ಹೊಂದಿಕೊಳ್ಳುವುದಾದರೂ ಹೇಗೆ?

ನಮ್ಮ ಉತ್ತರ ಕನ್ನಡದ ದಂಡೆಗೂ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಹೊತ್ತು ಬರುತ್ತವೆ. ಹೊನ್ನಾವರದ ಕಾಸರಕೋಡಿನಲ್ಲಿ ಗೂಡು ಕಂಡರೆ ಅರಣ್ಯ ಇಲಾಖೆ ಬಲೆ ಕಟ್ಟಿ ಕಾಯುತ್ತದೆ. ಒಂದು ಗೂಡಿನಲ್ಲಿ ನೂರರ ಸುಮಾರಿಗೆ ಮೊಟ್ಟೆ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು. ಈ ಅವಧಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ ಸಿಗುವ ಶಾಖವೇ ಗಂಡು ಹೆಣ್ಣನ್ನು ತೀರ್ಮಾನಿಸುತ್ತದೆ. ಡಿಸೆಂಬರ್‌ನ ಮೊಟ್ಟೆಗೆ ಸಿಗುವ ತಂಪು ಮಾರ್ಚ್‌ನ ಮೊಟ್ಟೆಗೆ ಸಿಗುವುದಿಲ್ಲ. ಆ ದಿನಗಳಲ್ಲಿ ಬಲೆಯ ಮೇಲೆ ನಾಲ್ಕು ತೆಂಗಿನ ಗರಿ ಹಾಸಿದರೂ ಕೆಳಗಿನ ಮರಳಿನ ಬಿಸಿ ಇಳಿಯುತ್ತದೆ. ಗೂಡಿನ ಪಕ್ಕ ಮೊಟ್ಟೆಯಷ್ಟೇ ಆಳದಲ್ಲಿ ಒಂದು ಥರ್ಮಾಮೀಟರ್ ಹೂತು ದಿನಾ ಬರೆದಿಟ್ಟರೆ ಗರಿ ಯಾವಾಗ ಹಾಸಬೇಕು, ಯಾವಾಗ ತೆಗೆಯಬೇಕು ಅನ್ನುವುದೂ ತಿಳಿಯುತ್ತದೆ.